ಹೆಂಚು, ಸುಣ್ಣ, ಕೊಳಗ: ಹಳೆಯ ಶಾಲೆಯೊಂದು ಮ್ಯೂಸಿಯಂ ಆದ ಕೆಲಸದ ಟಿಪ್ಪಣಿ

ಸಾಗರ ತಾಲೂಕಿನ ನಮ್ಮೂರಿನ ಹಳೆಯ ಪ್ರಾಥಮಿಕ ಶಾಲೆಯನ್ನು ಸ್ಥಳೀಯ ಇತಿಹಾಸದ ಮ್ಯೂಸಿಯಂ ಮಾಡುವುದೆಂದು ಊರವರು ಸೇರಿ ತೀರ್ಮಾನಿಸಿದಾಗ, ಸಭೆಯ ಮಾತೆಲ್ಲ ಏನೇನು ಇಡಬೇಕು ಎಂಬುದರ ಸುತ್ತಲೇ ನಡೆಯಿತು. ಒಬ್ಬರು ಅಜ್ಜನ ಕಾಲದ ಪೆಟ್ಟಿಗೆ ಕೊಡುತ್ತೇನೆಂದರು, ಇನ್ನೊಬ್ಬರು ಒನಕೆ, ಮತ್ತೊಬ್ಬರು ಗ್ರಾಮಫೋನು. ಆಷಾಢದ ಮಳೆಯಲ್ಲಿ ಇವುಗಳ ಗತಿ ಏನೆಂದು ಯೋಚಿಸಿದವರು ಕಡಿಮೆ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು, ಕೈಯಲ್ಲಿ ಉಳಿ ಹಿಡಿಯಲೂ ಬರುತ್ತದೆ. ಹಾಗಾಗಿ ದುರಸ್ತಿಯ ಕೆಲಸ ನನ್ನ ಹೆಗಲಿಗೆ ಬಿತ್ತು. ಷರತ್ತು ಹಾಕಿಯೇ ಒಪ್ಪಿಕೊಂಡೆ: ಮಾಡು ಸೋರುವುದು ನಿಂತು ಗೋಡೆ ಒಣಗುವ ತನಕ ಒಂದು ಸೌಟನ್ನೂ ಒಳಗೆ ತರುವಂತಿಲ್ಲ.

ಇಂಥದೇ ಕಟ್ಟಡ ಕೈಯಲ್ಲಿಟ್ಟುಕೊಂಡು ಕುಳಿತವರು ಮಲೆನಾಡಿನಲ್ಲಿ ಬೇಕಾದಷ್ಟು ಜನರಿದ್ದಾರೆ. ಅವರಿಗಾಗಿ ಈ ಟಿಪ್ಪಣಿ.

ನವೆಂಬರ್: ಮಾಡು

ಎರಡು ಕೋಣೆ, ಮುಂದೊಂದು ಉದ್ದನೆಯ ಜಗುಲಿ. ಜಂಬಿಟ್ಟಿಗೆ ಕಲ್ಲಿನ ಗೋಡೆ, ಸುಣ್ಣದ ಗಾರೆ. ಮತ್ತಿ ಮರದ ತೊಲೆ, ಪಕಾಸಿ, ರೀಪು, ಅದರ ಮೇಲೆ ಮಂಗಳೂರು ಹೆಂಚು. ತೊಲೆಗಳು ಗಟ್ಟಿಯಾಗಿದ್ದವು. ಉಳಿಯ ತುದಿಯಿಂದ ಚುಚ್ಚಿ ನೋಡಿದರೆ ಎಲ್ಲಿಯೂ ಇಳಿಯಲಿಲ್ಲ. ರೀಪುಗಳದ್ದು ಬೇರೆ ಕಥೆ. ಗೋಡೆಯ ಮೇಲೆ ಕೂರುವ ತುದಿಗಳಲ್ಲಿ ಗೆದ್ದಲು ಹಿಡಿದು, ಹೊರಗೆ ಬಣ್ಣ ಮಾತ್ರ ಉಳಿದಿತ್ತು.

ಹೆಂಚನ್ನೆಲ್ಲ ಕೆಳಗಿಳಿಸಿ ತಿರುವಿದಾಗ ಬೇರೆ ಬೇರೆ ಕಾರ್ಖಾನೆಗಳ ಮುದ್ರೆಗಳು ಸಿಕ್ಕವು. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಹಿಂದೆಯೇ, 1868ರಲ್ಲಿ, ಅಲ್ಬುಕರ್ಕ್ ಕಾರ್ಖಾನೆ ಬಂತು. ಆಮೇಲೆ ಹತ್ತಾರು. ಹೆಂಚಿನ ಬೆನ್ನ ಮೇಲೆ 1865 ಎಂದು ಓದಿದವರು ಶಾಲೆಯೇ ಅಷ್ಟು ಹಳೆಯದೆಂದು ಸಂಭ್ರಮಿಸಿದರು. ಅದು ಕಾರ್ಖಾನೆ ಹುಟ್ಟಿದ ವರ್ಷ, ಹೆಂಚು ಸುಟ್ಟ ವರ್ಷವಲ್ಲ ಎಂದು ಹೇಳಿ ಒಂದಿಬ್ಬರ ಮುಖ ಬಾಡಿಸಬೇಕಾಯಿತು.

ಕೆಲಸಕ್ಕೆ ಸಂಬಂಧಿಸಿದ ವಿಷಯ ಇಷ್ಟು: ಒಂದು ಕಾರ್ಖಾನೆಯ ಹೆಂಚು ಇನ್ನೊಂದರ ತೋಡಿಗೆ ಸರಿಯಾಗಿ ಕೂರುವುದಿಲ್ಲ. ಕಣ್ಣಿಗೆ ಒಂದೇ ತರಹ ಕಂಡರೂ ಅಚ್ಚಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿರುತ್ತದೆ. ಅಷ್ಟು ಸಾಕು, ಗಾಳಿಮಳೆಗೆ ನೀರು ಒಳನುಗ್ಗುತ್ತದೆ. ಹಿಂದೆ ಯಾರೋ ಒಡೆದ ಹೆಂಚಿನ ಜಾಗಕ್ಕೆ ಕೈಗೆ ಸಿಕ್ಕಿದ್ದನ್ನು ತುರುಕಿದ್ದರು. ಸೋರುತ್ತಿದ್ದದ್ದು ಬಹುತೇಕ ಅಲ್ಲೇ. ಆದ್ದರಿಂದ ಮುದ್ರೆ ನೋಡಿ ಹೆಂಚುಗಳನ್ನು ಬೇರೆ ಬೇರೆ ಗುಡ್ಡೆ ಹಾಕಿ, ಒಂದೊಂದು ಇಳಿಜಾರಿಗೆ ಒಂದೊಂದು ಕಾರ್ಖಾನೆಯ ಹೆಂಚು ಎಂದು ಹಂಚಿದೆವು. ಕಡಿಮೆ ಬಿದ್ದದ್ದಕ್ಕೆ ಹೊಸದನ್ನು ಕೊಳ್ಳಲಿಲ್ಲ. ತಾರಸಿ ಮನೆ ಕಟ್ಟಿಸಿದವರ ಕೊಟ್ಟಿಗೆಯ ಹಿಂದೆ ಹಳೆಯ ಹೆಂಚಿನ ರಾಶಿ ಇದ್ದೇ ಇರುತ್ತದೆ. ಪ್ರತಿಯೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡುವುದು. ಟಣ್ಣೆಂದರೆ ಮೇಲಕ್ಕೆ. ಸದ್ದು ಮಂದವಾದರೆ ಒಳಗೆ ಬಿರುಕಿದೆ ಎಂದು ಅರ್ಥ, ಅದು ಅಂಗಳಕ್ಕೆ.

ಪಾಚಿಯನ್ನು ತೆಂಗಿನ ನಾರಿನ ಬ್ರಷ್ಷಿನಿಂದ ನೀರು ಹಾಕಿ ಉಜ್ಜಿ ಬಿಸಿಲಿಗೆ ಇಟ್ಟೆವು. ಒತ್ತಡದ ನೀರಿನ ಯಂತ್ರ ತರಲು ಹೊರಟವರನ್ನು ತಡೆದೆ. ಹಳೆಯ ಹೆಂಚಿನ ಮೇಲ್ಮೈಯನ್ನು ಅದು ಸುಲಿದುಬಿಡುತ್ತದೆ, ಮುಂದಿನ ಮಳೆಗೆ ಹೆಂಚು ಎರಡರಷ್ಟು ನೀರು ಕುಡಿಯುತ್ತದೆ. ಹೊಸ ರೀಪುಗಳಿಗೂ ಗೋಡೆಯೊಳಗೆ ಹೋಗುವ ಮರದ ತುದಿಗಳಿಗೂ ಗೇರೆಣ್ಣೆ ಬಳಿದೆವು. ಕೈಗೆ ತಾಗಿದರೆ ಸುಡುತ್ತದೆ, ವಾಸನೆ ಬೇಗ ಹೋಗುವುದಿಲ್ಲ, ಆದರೆ ಗೆದ್ದಲು ಅತ್ತ ಸುಳಿಯುವುದಿಲ್ಲ. ತರಗತಿಗೆ ಬೆಳಕು ಕೊಡುತ್ತಿದ್ದ ಗಾಜಿನ ಹೆಂಚುಗಳನ್ನು ಕೋಣೆಯಿಂದ ತೆಗೆದು ಜಗುಲಿಯ ಮೇಲೆ ಹಾಕಿದೆವು. ಮಗ್ಗಿ ಓದುವ ಮಕ್ಕಳಿಗೆ ಬಿಸಿಲು ಬೇಕು. ಹಳೆಯ ಕಾಗದ, ಬಟ್ಟೆಗೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ತಾಗಬಾರದು, ಬಿಸಿಲಂತೂ ಕೂಡದು.

ಮಂಗಗಳ ಬಗ್ಗೆ ಬರೆಯದಿರುವುದೇ ಒಳ್ಳೆಯದು. ಬಾಳೆಗಿಡವನ್ನು ಮಾಡಿನ ಹತ್ತಿರ ಬೆಳೆಸಬೇಡಿ, ಅಷ್ಟೇ.

ಡಿಸೆಂಬರಿನಿಂದ ಫೆಬ್ರವರಿ: ಗೋಡೆ

ಒಳಗೋಡೆಯ ಕೆಳಗಿನ ಮೂರು ಅಡಿಗೆ ಯಾವುದೋ ಕಾಲದ ಗುತ್ತಿಗೆದಾರರೊಬ್ಬರು ಸಿಮೆಂಟು ಮೆತ್ತಿಸಿ ಮೇಲೆ ಎಣ್ಣೆಬಣ್ಣ ಹೊಡೆಸಿದ್ದರು. ಮಕ್ಕಳ ಕೈಕೊಳೆ ತೊಳೆಯಲು ಅನುಕೂಲ ಎಂಬ ಲೆಕ್ಕಾಚಾರವಿರಬೇಕು. ಆ ಮೂರು ಅಡಿ ನೋಡಲು ಚೊಕ್ಕಟವಾಗಿತ್ತು. ಅದರ ಮೇಲಿನ ಒಂದೂವರೆ ಅಡಿಯಲ್ಲಿ ಗಾರೆ ಉಬ್ಬಿ, ಬಿಳಿ ಉಪ್ಪು ಎದ್ದು, ಕೈ ಸವರಿದರೆ ಹಿಟ್ಟಾಗಿ ಉದುರುತ್ತಿತ್ತು.

ಜಂಬಿಟ್ಟಿಗೆ ನೀರು ಕುಡಿಯುವ ಕಲ್ಲು. ನೆಲದ ತೇವ ಅದರ ಸಣ್ಣ ರಂಧ್ರಗಳಲ್ಲಿ ಮೇಲಕ್ಕೇರುವುದು ಸಹಜ. ಸುಣ್ಣದ ಗಾರೆ ಆ ತೇವವನ್ನು ಹೊರಕ್ಕೆ ಆರಲು ಬಿಡುತ್ತದೆ. ಸಿಮೆಂಟು, ಎಣ್ಣೆಬಣ್ಣ ಬಿಡುವುದಿಲ್ಲ. ದಾರಿ ಕಟ್ಟಿದಾಗ ತೇವ ಇನ್ನಷ್ಟು ಮೇಲೇರಿ, ಸಿಮೆಂಟು ಮುಗಿದ ಕಡೆ ಹೊರಬರುತ್ತದೆ. ನೀರು ಆರಿಹೋಗುತ್ತದೆ, ಅದರೊಳಗಿನ ಉಪ್ಪು ಗಾರೆಯಲ್ಲೇ ಹರಳುಗಟ್ಟಿ ಅದನ್ನು ಒಡೆಯುತ್ತದೆ. ಮತ್ತೆ ಸಿಮೆಂಟು ಮೆತ್ತಿದರೆ ಉಪ್ಪಿನ ಪಟ್ಟಿ ಒಂದಡಿ ಮೇಲಕ್ಕೆ ಹೋಗುತ್ತದೆ, ಅಷ್ಟೇ ಲಾಭ.

ತೇವ ಗೋಡೆಯದೋ ಕೋಣೆಯ ಗಾಳಿಯದೋ ಎಂದು ತಿಳಿಯಲು ದುಬಾರಿ ಉಪಕರಣ ಬೇಕಿಲ್ಲ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚು ಮುಚ್ಚುವಂತೆ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಗೋಡೆಯ ಕಡೆಯ ಮುಖದಲ್ಲಿ ಹನಿ ಕಟ್ಟಿದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಕೋಣೆಯ ಕಡೆಯ ಮುಖ ಒದ್ದೆಯಾದರೆ ಗಾಳಿಯ ತೇವ. ನಮ್ಮದು ಗೋಡೆಯದೇ.

ಮೇಸ್ತ್ರಿಗೆ ಸುಣ್ಣದ ಮೇಲೆ ನಂಬಿಕೆ ಇತ್ತು, ಸುಣ್ಣ ಬೇಡುವ ಸಮಯದ ಮೇಲೆ ಇರಲಿಲ್ಲ. "ಮೇಷ್ಟ್ರೇ, ಸಿಮೆಂಟಾದರೆ ಈ ವಾರ ಮುಗಿಸಿ ಕೊಡುತ್ತೇನೆ. ಸುಣ್ಣ ನಮ್ಮನ್ನು ಕಾಯಿಸುತ್ತದೆ" ಎಂದ. ಕಾಯುವುದಕ್ಕೇ ಅಲ್ಲವೇ ನಾನು ನಿವೃತ್ತನಾಗಿರುವುದು ಎಂದೆ. ನಗುತ್ತಾ ಉಳಿ, ಸುತ್ತಿಗೆ ತೆಗೆದುಕೊಂಡ. ಸಿಮೆಂಟನ್ನು ಕೈಯಿಂದಲೇ ಬಿಡಿಸಿದೆವು. ಯಂತ್ರದಿಂದ ಕೊರೆದರೆ ಸಿಮೆಂಟಿನ ಜೊತೆ ಕಲ್ಲಿನ ಮುಖವೂ ಕಿತ್ತು ಬರುತ್ತದೆ. ಉಪ್ಪನ್ನು ಒಣ ಬ್ರಷ್ಷಿನಿಂದ ಉದುರಿಸಿ ಗುಡಿಸಿ ಹೊರಗೆ ಹಾಕಿದೆವು. ನೀರು ಹಾಕಿ ತೊಳೆದರೆ ಅದು ಕರಗಿ ಗೋಡೆಗೇ ವಾಪಸು.

ಹೊರಗಿನ ಕೆಲಸ ಇನ್ನೂ ಮುಖ್ಯ. ಗೋಡೆಯ ಬುಡಕ್ಕೆ ತಾಗಿದಂತೆ ಕಾಂಕ್ರೀಟಿನ ಅಂಚು ಹಾಕಿದ್ದರು. ಅದು ಒಳಮುಖವಾಗಿ ವಾಲಿ, ಮಾಡಿನ ನೀರನ್ನೆಲ್ಲ ಅಡಿಪಾಯಕ್ಕೆ ಕುಡಿಸುತ್ತಿತ್ತು. ಅದನ್ನು ಒಡೆದು ತೆಗೆದು, ಜಲ್ಲಿ ತುಂಬಿ, ಹೊರಮುಖದ ಇಳಿಜಾರು ಕೊಟ್ಟು, ಚರಂಡಿಯನ್ನು ಗದ್ದೆಯ ಕಡೆಗೆ ತಿರುಗಿಸಿದೆವು. ಆ ಬಳಿಕ ಗೋಡೆಯನ್ನು ಬೆತ್ತಲೆ ಬಿಟ್ಟು, ಕಿಟಕಿಗಳನ್ನೆಲ್ಲ ತೆರೆದು, ಚಳಿಗಾಲದ ಒಣಗಾಳಿಗೆ ಒಪ್ಪಿಸಿದೆವು.

ಸುಣ್ಣ ಘಟ್ಟದ ಕೆಳಗಿನದು, ಚಿಪ್ಪು ಸುಟ್ಟು ಮಾಡಿದ್ದು. ಅರಳಿಸುವಾಗ ಕುದಿಯುತ್ತದೆ, ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ ಹಾಕದೆ ಗುಂಡಿಯ ಹತ್ತಿರ ಯಾರನ್ನೂ ಬಿಡಬಾರದು. ಅರಳಿದ ಮೇಲೆ ಗುಂಡಿಯಲ್ಲೇ, ನೀರಿನಡಿಯಲ್ಲಿ, ವಾರಗಟ್ಟಲೆ ಮಾಗಲು ಬಿಟ್ಟು, ಆಮೇಲೆ ಬೆಣ್ಣೆಯ ಹದಕ್ಕೆ ಬಂದದ್ದನ್ನು ಜರಡಿ ಹಿಡಿದೆವು. ಒಂದು ಪಾಲು ಸುಣ್ಣ, ಮೂರು ಪಾಲು ಮರಳು. ಕಲಸಲು ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು. ತೆಳುವಾಗಿ ಎರಡು ಪದರ, ಮೇಲೆ ಒದ್ದೆ ಗೋಣಿಚೀಲ. ಸುಣ್ಣ ಗಟ್ಟಿಯಾಗುವುದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಕಲ್ಲಾಗುವುದರಿಂದ. ಬೇಗ ಒಣಗಿಸಿದರೆ ಬಿರಿಯುತ್ತದೆ. ಕೊನೆಗೆ ಬರೀ ಸುಣ್ಣದ ಹೊಡೆತ. ಪ್ಲಾಸ್ಟಿಕ್ ಬಣ್ಣದ ಡಬ್ಬ ದಾನ ಕೊಡಲು ಬಂದವರಿಗೆ ಬಸ್ ನಿಲ್ದಾಣದ ದಾರಿ ತೋರಿಸಿದೆ. ಅಲ್ಲಿಗೂ ಬಣ್ಣ ಬೇಕಿತ್ತು.

ಜಗುಲಿಯ ಗೋಡೆಯ ಒಂದು ಭಾಗಕ್ಕೆ ಕೆಮ್ಮಣ್ಣು ಸಾರಿಸಿ, ದೀವರ ಕೇರಿಯ ಹೆಂಗಸರಿಂದ ಹಸೆ ಚಿತ್ತಾರ ಬರೆಸಿದೆವು. ಅಕ್ಕಿಹಿಟ್ಟಿನ ಬಿಳಿ, ಪುಂಡಿನಾರಿನ ಕುಂಚ. ಗೆರೆ ಎಳೆಯುತ್ತಿದ್ದ ಅಜ್ಜಿಗೆ ಅಳತೆಪಟ್ಟಿ ಕೊಡಲು ಹೋದ ಹುಡುಗನನ್ನು "ಅದನ್ನು ನೀನೇ ಇಟ್ಟುಕೋ ತಮ್ಮಾ" ಎಂದು ಕಳಿಸಿದರು. ಗೆರೆಗಳನ್ನು ಆಮೇಲೆ ನಾನು ಕದ್ದು ಅಳೆದೆ. ಎರಡು ಗೆರೆಗಳ ನಡುವಿನ ಅಂತರ ಆ ತುದಿಯಿಂದ ಈ ತುದಿಯವರೆಗೆ ಒಂದೇ.

ಮಾರ್ಚ್: ಕಪಾಟು

ಹೊಸ ಪ್ಲೈವುಡ್ಡಿನ ಶೋಕೇಸು ಬೇಡವೆಂದದ್ದು ಕೆಲವರಿಗೆ ಜಿಪುಣತನವಾಗಿ ಕಂಡಿತು. ಪ್ಲೈವುಡ್ಡಿನ ಅಂಟು, ಹೊಸ ಮರ, ಹೊಸ ವಾರ್ನಿಷು ಮೆಲ್ಲಗೆ ಆಮ್ಲದ ಆವಿ ಬಿಡುತ್ತಲೇ ಇರುತ್ತವೆ. ಗಾಜು ಮುಚ್ಚಿದ ಪೆಟ್ಟಿಗೆಯಲ್ಲಿ ಆ ಆವಿಗೆ ಹೋಗಲು ಜಾಗವಿಲ್ಲ. ಒಳಗಿನ ಲೋಹ ಮಂಕಾಗುತ್ತದೆ, ಕಾಗದ ಹಳದಿಯಾಗುತ್ತದೆ. ಶಾಲೆಯದೇ ಹಳೆಯ ಸಾಗವಾನಿ ಕಪಾಟುಗಳಿದ್ದವು. ಅವು ಬಿಡಬೇಕಾದ್ದರಲ್ಲಿ ಬಹುಪಾಲನ್ನು ಎಂದೋ ಬಿಟ್ಟು ಮುಗಿಸಿವೆ. ಕಾಲು ಎತ್ತರಿಸಿ, ಬೆನ್ನಿಗೆ ಸಣ್ಣ ಜಾಲರಿಯ ಕಿಂಡಿ ಕೊಟ್ಟು, ಗೋಡೆಯಿಂದ ಒಂದು ಗೇಣು ದೂರ ನಿಲ್ಲಿಸಿದೆವು. ಒದ್ದೆ ಗೋಡೆಗೆ ಬೆನ್ನು ಕೊಟ್ಟು ನಿಂತ ಕಪಾಟಿನಷ್ಟು ಗೆದ್ದಲಿಗೆ ಪ್ರಿಯವಾದದ್ದು ಇನ್ನೊಂದಿಲ್ಲ.

ಅಗ್ಗದ ತೇವಾಂಶ ಮಾಪಕ ಕೊಂಡರೆ ಅದು ಹೇಳುವುದನ್ನು ಹಾಗೇ ನಂಬಬೇಡಿ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗಿಹೋಗದಷ್ಟು ಮಾತ್ರ ನೀರು ತೊಟ್ಟಿಕ್ಕಿ, ಮಾಪಕದ ಜೊತೆ ಗಾಳಿಯಾಡದ ಚೀಲದಲ್ಲಿ ಒಂದು ರಾತ್ರಿ ಇಡಿ. ಒಳಗಿನ ತೇವಾಂಶ ಶೇ 75ಕ್ಕೆ ನಿಲ್ಲುತ್ತದೆ. ನಮ್ಮ ಮಾಪಕ ಅದನ್ನು 69 ಎಂದಿತು. ಅದರ ಮೇಲೆ ಚೀಟಿ ಅಂಟಿಸಿದೆ: "ಆರು ಸೇರಿಸಿ ಓದಿ."

ಏಪ್ರಿಲ್: ವಸ್ತುಗಳು

ಈಗ ಸೌಟಿಗೆ ಅನುಮತಿ ಸಿಕ್ಕಿತು. ಬಂದದ್ದರಲ್ಲಿ ಮುಕ್ಕಾಲು ಪಾಲನ್ನು ಹೆಸರು, ಊರು ಬರೆದು, ಫೋಟೋ ತೆಗೆದು, ವಾಪಸು ಕೊಟ್ಟೆವು. ಹನ್ನೆರಡು ಒನಕೆ ಇಟ್ಟುಕೊಂಡು ಯಾವ ಇತಿಹಾಸ ಹೇಳುವುದು?

ಶಾಲೆಯ ಗಂಟೆ ಒಂದು ರೈಲು ಹಳಿಯ ತುಂಡು. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಮೀಟರ್ ಗೇಜ್ ಹಳಿ ಇದ್ದ ಸೀಮೆಯಲ್ಲಿ ಇಂಥ ಗಂಟೆ ಅಪರೂಪವಲ್ಲ. ಹಳಿಯ ಸೊಂಟದ ಭಾಗದಲ್ಲಿ ತಯಾರಕರ ಅಕ್ಷರಗಳು ಉಬ್ಬಿರುತ್ತವೆ. ಸಡಿಲ ತುಕ್ಕನ್ನು ಮಾತ್ರ ತಂತಿ ಬ್ರಷ್ಷಿನಿಂದ ತೆಗೆದು, ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಕ್ಷರಗಳ ಪಡಿಯಚ್ಚು ತೆಗೆದುಕೊಂಡು, ಜೇನುಮೇಣ ಸವರಿ ಜಗುಲಿಯಲ್ಲೇ ನೇತುಹಾಕಿದೆವು. ಬಾರಿಸಬಹುದು. ಬಾರಿಸದೆ ಹೋದವರನ್ನು ನಾನಿನ್ನೂ ನೋಡಿಲ್ಲ.

ಬಟ್ಟೆಗೆ ಅಂಟಿಸಿದ ಮೈಸೂರು ಸಂಸ್ಥಾನದ ಗೋಡೆ ಭೂಪಟವೊಂದು ಅಟ್ಟದಲ್ಲಿ ಸಿಕ್ಕಿತು. ವರ್ಷ ನಮೂದಾದ ಮೂಲೆಯನ್ನು ಇಲಿ ತಿಂದಿತ್ತು. ಆದರೂ ಕಾಲ ಹಿಡಿಯಬಹುದಿತ್ತು. ಮಂಡ್ಯ ಬೇರೆ ಜಿಲ್ಲೆಯಾಗಿ ಕಾಣುತ್ತದೆ, ಅಂದರೆ 1939ಕ್ಕೆ ಮುಂಚಿನದಲ್ಲ. ಚಿಕ್ಕಮಗಳೂರು ಇನ್ನೂ ಕಡೂರು ಜಿಲ್ಲೆಯಾಗಿಯೇ ಇದೆ, ಅಂದರೆ 1947ರಲ್ಲಿ ಹೆಸರು ಬದಲಾಗುವ ಮುಂಚಿನದು. ಶರಾವತಿ ಅದರಲ್ಲಿ ಬರೀ ಒಂದು ಎಳೆ. 1948ರ ಹಿರೇಭಾಸ್ಕರ ಅಣೆಕಟ್ಟೂ ಇಲ್ಲ, 1964ರಲ್ಲಿ ಮುಗಿದು ಆ ಅಣೆಕಟ್ಟನ್ನೇ ಮುಳುಗಿಸಿದ ಲಿಂಗನಮಕ್ಕಿಯ ಹಿನ್ನೀರೂ ಇಲ್ಲ. ಮುಳುಗಡೆಯಲ್ಲಿ ಊರು ಬಿಟ್ಟು ಬಂದ ಮನೆಗಳವರು ಈಗ ಬಂದರೆ ಮೊದಲು ಕೇಳುವುದು ಈ ಭೂಪಟವನ್ನು. ಸಂಸ್ಥಾನದ ಭೂಪಟದಲ್ಲಿ ಸಣ್ಣ ಹಳ್ಳಿಗಳ ಹೆಸರಿರುವುದಿಲ್ಲ. ಆದರೂ ನದಿಯ ಎಳೆಯ ಮೇಲೆ ಬೆರಳಿಟ್ಟು "ಇಲ್ಲಿ" ಎನ್ನುತ್ತಾರೆ. ಬೆರಳಿಡುವುದು ಅದರ ನಕಲಿನ ಮೇಲೆ. ಮೂಲವನ್ನು ಅಗಲ ಪೈಪಿಗೆ ಅಲ್ಯೂಮಿನಿಯಂ ಹಾಳೆ, ಅದರ ಮೇಲೆ ಒಗೆದ ಖಾದಿ ಸುತ್ತಿ, ಸಡಿಲವಾಗಿ ಸುರುಳಿ ಮಾಡಿ ಇಟ್ಟಿದ್ದೇವೆ.

ಒಬ್ಬರು ಕಡತ ತಂದರು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಮಡಿಕೆ ಮಾಡಿದ ಕಪ್ಪು ಪುಸ್ತಕ, ಅದರಲ್ಲಿ ಬಳಪದಿಂದ ಬರೆದ ಅಡಿಕೆಯ ಲೆಕ್ಕ. ದೂಳು ಇದೆಯೆಂದು ಅವರ ಮನೆಯಲ್ಲಿ ಅದನ್ನು ಒರೆಸಲು ಹೊರಟಿದ್ದರಂತೆ. ಕಡತ ಇರುವುದೇ ಅಳಿಸಿ ಬರೆಯಲಿಕ್ಕೆ. ಒದ್ದೆ ಬಟ್ಟೆ ಒಮ್ಮೆ ಆಡಿಸಿದ್ದರೆ ಲೆಕ್ಕವೆಲ್ಲ ಚುಕ್ತಾ ಆಗುತ್ತಿತ್ತು. ಮೃದು ಕುಂಚದಿಂದ ಮಡಿಕೆಗಳ ಅಂಚಿನ ದೂಳನ್ನು ಮಾತ್ರ ತೆಗೆದೆವು. ಬರಹದ ಮೇಲೆ ಏನನ್ನೂ ಆಡಿಸಲಿಲ್ಲ.

ಹುಳು ಹಿಡಿದ ರಿಜಿಸ್ಟರು, ಬಿದಿರಿನ ಬುಟ್ಟಿಗಳಿಗೆ ಔಷಧಿ ಸಿಂಪಡಿಸಲಿಲ್ಲ. ಎರಡು ಪದರ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಐಸ್‌ಕ್ರೀಂ ಅಂಗಡಿಯ ಫ್ರೀಜರಿನಲ್ಲಿ, ಸೊನ್ನೆಗಿಂತ 20 ಡಿಗ್ರಿ ಕೆಳಗೆ, ಎರಡು ವಾರ ಇಟ್ಟರೆ ಹುಳು, ಮೊಟ್ಟೆ ಎರಡೂ ಸಾಯುತ್ತವೆ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು. ಬಿಚ್ಚಿದರೆ ತಣ್ಣಗಿನ ಕಾಗದದ ಮೇಲೆ ಗಾಳಿಯ ತೇವ ನೀರಾಗಿ ಕೂರುತ್ತದೆ.

ಶಾಲೆಯ ದಾಖಲಾತಿ ರಿಜಿಸ್ಟರನ್ನು ಗಾಜಿನೊಳಗೆ ತೆರೆದಿಡಬೇಕೆಂದು ಒತ್ತಾಯವಿತ್ತು. ನಾನು ಒಪ್ಪಲಿಲ್ಲ. ಅದರಲ್ಲಿ ಜಾತಿಯ ಕಾಲಮ್ಮಿದೆ, ಶಾಲೆ ಬಿಟ್ಟ ಕಾರಣದ ಕಾಲಮ್ಮಿದೆ, ಅದರಲ್ಲಿರುವ ಎಷ್ಟೋ ಜನ ಇನ್ನೂ ನಮ್ಮ ಜೊತೆ ಬಸ್ಸಿನಲ್ಲಿ ಕೂರುತ್ತಾರೆ. ಪುಟಗಳ ಫೋಟೋ ತೆಗೆದಿದ್ದೇವೆ. ಕೇಳಿ ಬಂದವರಿಗೆ ಅವರವರ ಮನೆಯ ಸಾಲು ತೋರಿಸುತ್ತೇವೆ. ಪ್ರದರ್ಶನಕ್ಕೆ ಇಟ್ಟದ್ದು ಹುಟ್ಟಿದ ದಿನಾಂಕದ ಕಾಲಮ್ಮಿನ ನಕಲು ಮಾತ್ರ, ಹೆಸರು ಮರೆಮಾಡಿ: ಜೂನ್ 1, ಜೂನ್ 1, ಜೂನ್ 1. ಶಾಲೆಗೆ ಸೇರಿಸುವಾಗ ಮೇಷ್ಟ್ರು ಹುಟ್ಟಿಸಿದ ಪೀಳಿಗೆಗಳಿವು. ನೋಡಿದವರೆಲ್ಲ ತಮ್ಮ ಆಧಾರ್ ಕಾರ್ಡು ನೆನಪಿಸಿಕೊಂಡು ನಗುತ್ತಾರೆ.

ವೀರಗಲ್ಲು ಕಿತ್ತು ತರುತ್ತೇವೆಂದ ಹುಡುಗರನ್ನು ತಡೆದದ್ದನ್ನೂ ಇಲ್ಲೇ ಬರೆದಿಡುತ್ತೇನೆ. ಕಲ್ಲು ನಿಂತಲ್ಲೇ ನಿಲ್ಲಬೇಕು. ಸಾಗರ, ಸೊರಬ ಸೀಮೆಯ ಶಾಸನಗಳನ್ನು ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾದ ಎಂಟನೆಯ ಸಂಪುಟದಲ್ಲಿ ಊರುವಾರು ಅಚ್ಚು ಹಾಕಿಸಿದ್ದು 1904ರಲ್ಲಿ. ಕಲ್ಲು ಜಾಗ ಬಿಟ್ಟರೆ ಆ ದಾಖಲೆಗೆ ಅರ್ಥವಿಲ್ಲ. ನೂರು ವರ್ಷ ದಾಟಿದ ಶಿಲ್ಪಕ್ಕೆ 1972ರ ಪ್ರಾಚ್ಯವಸ್ತು ಕಾಯಿದೆಯೂ ಇದೆ. ಫೋಟೋ, ಕಲ್ಲಿರುವ ಜಾಗದ ನಕ್ಷೆ, ಶಾಸನದ ಪಾಠ ಇಷ್ಟು ಗೋಡೆಗೆ ಸಾಕು.

ಮೇ: ಕೊಳಗ

ಇಡೀ ಮ್ಯೂಸಿಯಂನಲ್ಲಿ ನನಗೆ ಹೆಚ್ಚು ಇಷ್ಟದ ಮೂಲೆ ಇದು.

ಎರಡು ಬೇರೆ ಮನೆಗಳಿಂದ ಭತ್ತ ಅಳೆಯುವ ಎರಡು ಮರದ ಕೊಳಗ ಬಂದವು. ಎರಡಕ್ಕೂ ಕಬ್ಬಿಣದ ಪಟ್ಟಿ, ಎರಡೂ ಒಂದೇ ಎತ್ತರ. ಅಕ್ಕಪಕ್ಕ ಇಟ್ಟು ಚೀಟಿ ಬರೆದರೆ ಕೆಲಸ ಮುಗಿಯಿತು ಎನ್ನುವಂತಿದ್ದವು. ಒಳಗೆ ಕೈಯಿಳಿಸಿದಾಗ ಒಂದರ ತಳ ಆಳದಲ್ಲಿತ್ತು, ಗೋಡೆ ತೆಳುವಾಗಿತ್ತು. ಮರಕ್ಕೆ ನೀರು ತಾಗಿಸುವಂತಿಲ್ಲವಾದ್ದರಿಂದ ಒಣ ಸಾಸಿವೆ ತುಂಬಿ, ಬಾಯಿಮಟ್ಟಕ್ಕೆ ಕೋಲಿನಿಂದ ಒರೆಸಿ, ಅದನ್ನು ಸರ್ಕಾರಿ ಮುದ್ರೆ ಇದ್ದ ಹಿತ್ತಾಳೆ ಸೇರಿನಲ್ಲಿ ಅಳೆದೆವು. ಒಂದು ಕೊಳಗ ಇನ್ನೊಂದಕ್ಕಿಂತ ಮೂರು ಪಾವು ಹೆಚ್ಚು ಹಿಡಿಯಿತು. ನಾಲ್ಕು ಪಾವು ಸೇರಿದರೆ ಒಂದು ಸೇರು. ಒರೆಸದೆ ರಾಶಿ ಏರಿಸಿ ಅಳೆದರೆ ಅಂತರ ಇನ್ನೂ ಬೆಳೆಯಿತು.

ಈ ತಾಲೂಕಿನಲ್ಲಿ ಇದು ಸಣ್ಣ ವಿಷಯವಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಾಗ ತಕರಾರಿನ ಮೂಲಗಳಲ್ಲಿ ಗೇಣಿ ಅಳೆಯುವ ಕೊಳಗದ ಗಾತ್ರವೂ ಒಂದು. ಎಚ್. ಗಣಪತಿಯಪ್ಪನವರ ರೈತ ಸಂಘ, ಸಮಾಜವಾದಿಗಳಾದ ಶಾಂತವೇರಿ ಗೋಪಾಲಗೌಡರು ಜೊತೆಗಿದ್ದರು. ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದು ಬಂಧನಕ್ಕೆ ಒಳಗಾದರು. ಕೊಳಗ, ಸೇರುಗಳ ಜಾಗಕ್ಕೆ ಮೆಟ್ರಿಕ್ ಅಳತೆ ಬರತೊಡಗಿದ್ದು 1958ರಿಂದ. ಉಳುವವನಿಗೆ ಹೊಲ ಕೊಟ್ಟ ಭೂಸುಧಾರಣಾ ಕಾಯಿದೆಯ ತಿದ್ದುಪಡಿ ಬಂದದ್ದು 1974ರಲ್ಲಿ. ಇದನ್ನೆಲ್ಲ ದೊಡ್ಡ ಫಲಕದಲ್ಲಿ ಬರೆದು ನೇತುಹಾಕಬಹುದಿತ್ತು. ಯಾರೂ ಓದುತ್ತಿರಲಿಲ್ಲ.

ಬದಲಿಗೆ ಬಡಗಿಯಿಂದ ಎರಡೂ ಕೊಳಗಗಳ ಪ್ರತಿ ಮಾಡಿಸಿದೆವು, ಹಲಸಿನ ಮರದಲ್ಲಿ, ಒಳಗಿನ ಅಳತೆ ಸಾಸಿವೆ ಹಾಕಿ ಸರಿಹೋಗುವ ತನಕ ಕೆತ್ತಿಸಿ. ಜಗುಲಿಯಲ್ಲಿ ತಗ್ಗಿನ ಬೆಂಚು, ಬಿಗಿ ಮುಚ್ಚಳದ ತಗಡಿನ ಡ್ರಮ್ಮಿನಲ್ಲಿ ಚೆನ್ನಾಗಿ ಬಿಸಿಲಿಗೆ ಒಣಗಿಸಿದ ಭತ್ತ, ಒರೆಸುವ ಕೋಲು. ಬಂದವರು ಅಳೆದು ನೋಡಬಹುದು. ಭತ್ತ ಜಗುಲಿ ದಾಟಿ ಒಳಗೆ ಹೋಗುವಂತಿಲ್ಲ. ಅದರ ಹಿಂದೆ ಇಲಿ, ಹುಳು ಎರಡೂ ಮೆರವಣಿಗೆ ಬರುತ್ತವೆ. ಎರಡು ಮೂಲ ಕೊಳಗ ಒಳಗಿನ ಕಪಾಟಿನಲ್ಲಿವೆ. ಯಾವುದು ಯಾರ ಮನೆಯದೆಂದು ಬರೆದಿಲ್ಲ, ಎರಡೂ ಮನೆಯವರು ಅದೇ ಷರತ್ತಿನ ಮೇಲೆ ಕೊಟ್ಟದ್ದು. ಆದರೂ ಊರಿನ ಹಿರಿಯರೊಬ್ಬರು ಪ್ರತಿಗಳಲ್ಲಿ ದೊಡ್ಡದನ್ನು ಎತ್ತಿ ತೂಗಿ ನೋಡಿ, ಏನೂ ಹೇಳದೆ ಇಟ್ಟು, ಚಿಕ್ಕದನ್ನು ಎತ್ತಿ "ಇದರಲ್ಲಿ ಸಾಲ ಕೊಡುತ್ತಿದ್ದರು" ಎಂದರು.

ಜೂನ್‌ನಿಂದ ಆಗಸ್ಟ್: ಮಳೆ

ಪರೀಕ್ಷೆ ಈಗ. ಜುಲೈಯಲ್ಲಿ ಕೋಣೆಯ ಮಾಪಕ, ಆರು ಸೇರಿಸಿ ಓದಿದಾಗ, 90ರಿಂದ ಕೆಳಗಿಳಿಯಲೇ ಇಲ್ಲ. ಮಾಡು ಎಷ್ಟು ಗಟ್ಟಿಯಾದರೂ ಗಾಳಿಯನ್ನು ಹಿಂಡಿ ಒಣಗಿಸಲು ಆಗುವುದಿಲ್ಲ. ಆದ್ದರಿಂದ ಮೊದಲೇ ಮಾಡಿಕೊಂಡ ನಿಯಮ: ಮಳೆಗಾಲದಲ್ಲಿ ಮೂಲ ಕಾಗದ, ಬಟ್ಟೆ ಪ್ರದರ್ಶನಕ್ಕಿಲ್ಲ. ಮೇ ಕೊನೆಯ ಒಣ ದಿನಗಳಲ್ಲೇ ಎಲ್ಲವನ್ನೂ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆಗಳಿಗೆ ತೇವ ಹೀರುವ ಸಿಲಿಕಾ ಜೆಲ್ ಹರಳುಗಳ ಜೊತೆ ತುಂಬಿಸಿದೆವು. ಕಿತ್ತಳೆ ಹರಳು ಹಸಿರಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ಕಿತ್ತಳೆ. ಪೆಟ್ಟಿಗೆಯೊಳಗಿನ ಮಾಪಕ 50ರ ಆಸುಪಾಸು ನಿಂತಿದೆ. ಸಂದಿ ಇರುವ ಮರದ ಕಪಾಟಿಗೆ ಸಿಲಿಕಾ ಜೆಲ್ ಹಾಕುವುದು ದುಡ್ಡು ದಂಡ, ಎರಡು ದಿನದಲ್ಲಿ ಹಸಿರಾಗುತ್ತದೆ. ಕಪಾಟಿನೊಳಗೆ ಬಲ್ಬು ಉರಿಸುವ ಮಲೆನಾಡಿನ ಹಳೆಯ ಉಪಾಯಕ್ಕೂ ನಾನು ಒಪ್ಪಲಿಲ್ಲ. ಹಳೆಯ ವೈರಿಂಗು, ಒಣಮರ, ರಾತ್ರಿ ಯಾರೂ ಇಲ್ಲದ ಕಟ್ಟಡ, ಮೂರೂ ಒಟ್ಟಿಗೆ ಬೇಡ.

ಮಾಡು ಒಂದು ಕಡೆ ಬಿಟ್ಟರೆ ಎಲ್ಲಿಯೂ ಸೋರಲಿಲ್ಲ. ಆ ಒಂದು ಕಡೆ ಮಂಗನ ಕೆಲಸ. ಮೂರು ಗೋಡೆಗಳಲ್ಲಿ ಉಪ್ಪು ಎದ್ದಿಲ್ಲ. ಮಳೆ ಹೊಡೆಯುವ ಪಶ್ಚಿಮದ ಗೋಡೆಯಲ್ಲಿ ಮಾತ್ರ ಕಿಟಕಿಯ ಕೆಳಗೆ ಒಂದು ಕೈಯಗಲ ತೇವ ಉಳಿದಿದೆ. ಅಲ್ಲಿಗೆ ಬಣ್ಣ, ರಾಸಾಯನಿಕ ಯಾವುದನ್ನೂ ಬಳಿಯುವುದಿಲ್ಲ. ಮನೆಗಳಿಗೆ ಮಳೆಗಾಲದಲ್ಲಿ ಕಟ್ಟುವ ಸೋಗೆ ತಟ್ಟಿಯನ್ನೇ ಮುಂದಿನ ವರ್ಷ ಮೇ ಮುಗಿಯುವುದರೊಳಗೆ ಕಟ್ಟಬೇಕು. ತೋಟದವರು ಸೋಗೆ ಕೊಡಲು ಒಪ್ಪಿದ್ದಾರೆ, ಕಟ್ಟುವವರು ಇನ್ನೂ ಸಿಕ್ಕಿಲ್ಲ. ಗುಂಡಿಯಲ್ಲಿ ಉಳಿದ ಸುಣ್ಣ ನೀರಿನಡಿಯಲ್ಲಿದೆ, ಹಳೆಯದಾದಷ್ಟೂ ಒಳ್ಳೆಯದು. ದೀಪಾವಳಿ ಕಳೆದ ಮೇಲೆ ಆ ಕಿಟಕಿಯ ಕೆಳಗಿನ ಗಾರೆ ಬಿಡಿಸಿ ನೋಡುತ್ತೇವೆ. ಮೇಸ್ತ್ರಿಗೆ ಈಗಲೇ ಹೇಳಿಟ್ಟಿದ್ದೇನೆ.